ಅಜ್ಜಿ ತಿದ್ದುವುದು ಎಲ್ಲರಿಗೂ ಕೇಳಲಿ: ಟೊರೆಸ್ ಜಲಸಂಧಿಯ ಮನೆಕಥೆಗಳನ್ನು ರಂಗಕ್ಕೆ ತಂದ ಬಗೆ

ಆಸ್ಟ್ರೇಲಿಯಾದ ಕೇಪ್ ಯಾರ್ಕ್ ತುದಿಗೂ ನ್ಯೂಗಿನಿಗೂ ನಡುವಿನ ಸುಮಾರು 150 ಕಿಲೋಮೀಟರ್ ಅಗಲದ ಕಡಲೇ ಟೊರೆಸ್ ಜಲಸಂಧಿ. ದ್ವೀಪಗಳು 270ಕ್ಕೂ ಹೆಚ್ಚು. ಜನ ನೆಲೆಸಿರುವುದು ಇಪ್ಪತ್ತಕ್ಕಿಂತ ಕಡಿಮೆ ದ್ವೀಪಗಳಲ್ಲಿ. ಅಲ್ಲಿನ ಪಶ್ಚಿಮ ಭಾಗದ ಒಂದು ಮನೆತನ ತನ್ನ ಕಥೆಗಳನ್ನು ತಾನೇ ರಂಗದ ಮೇಲೆ ಹೇಳಲು ಹೊರಟಾಗ ಬೆಳಕು, ಧ್ವನಿ, ತಾಲೀಮಿನ ವೇಳಾಪಟ್ಟಿ ನನ್ನ ಪಾಲಿಗೆ ಬಂದವು. ಕಥೆ ಅವರದು, ಅದನ್ನು ಎತ್ತಿ ಕೂರಿಸಿದ ಕೆಲಸ ನಮ್ಮದು. ಆ ಕೆಲಸದ ವಿವರವಷ್ಟೇ ಇಲ್ಲಿದೆ. ಮನೆತನದ ಹೆಸರನ್ನಾಗಲಿ, ಅವರ ಸ್ವಂತ ಕಥೆಗಳನ್ನಾಗಲಿ ಬರೆದಿಲ್ಲ. ಉದಾಹರಣೆಗೆ ಇಡೀ ಜಲಸಂಧಿಗೆ ಗೊತ್ತಿರುವ ಟಗಾಯ್ ಕಥೆಯನ್ನು ತೆಗೆದುಕೊಂಡಿದ್ದೇನೆ.

ತಾಲೀಮಿಗೂ ಮೊದಲಿನ ಕೆಲಸ ಒಂದು ನೋಟ್‌ಬುಕ್ಕು. ಪ್ರತಿ ಕಥೆಗೂ ಒಂದು ಪುಟ. ಪುಟದಲ್ಲಿ ಐದು ಅಂಕಣ: ಯಾರು ಹೇಳುತ್ತಾರೆ, ಅವರು ಯಾರ ಬಾಯಿಂದ ಕೇಳಿದರು, ಯಾವ ದ್ವೀಪದ ಯಾವ ಕುಲಕ್ಕೆ ಸೇರಿದ್ದು, ಯಾರ ಮುಂದೆ ಹೇಳಬಹುದು, ವರ್ಷದ ಯಾವ ಕಾಲದಲ್ಲಿ ಹೇಳಬಹುದು. ಪುಟದ ಮೂಲೆಯಲ್ಲಿ ಬಣ್ಣದ ಗುರುತು. ಹಸಿರಾದರೆ ಹೇಳಬಹುದು, ಹಳದಿಯಾದರೆ ಇನ್ನೊಬ್ಬರನ್ನು ಕೇಳಿ ಹೇಳಬೇಕು, ಕೆಂಪಾದರೆ ಮನೆಯೊಳಗೇ ಇರಬೇಕು. ನಮ್ಮಲ್ಲಿ ಮೊದಲ ವಾರಕ್ಕೆ 23 ಪುಟ ತುಂಬಿದವು, ಹಸಿರು ಸಿಕ್ಕಿದ್ದು 8ಕ್ಕೆ. ಹಳದಿಯ ಪುಟಗಳೇ ಹೆಚ್ಚು ಸಮಯ ತಿನ್ನುತ್ತವೆ. ಹಕ್ಕಿರುವ ಹಿರಿಯರು ಬೇರೆ ದ್ವೀಪದಲ್ಲೋ ಮುಖ್ಯಭೂಮಿಯ ಕೇರ್ನ್ಸ್‌ನಲ್ಲೋ ಟೌನ್ಸ್‌ವಿಲ್ಲಿನಲ್ಲೋ ಇರುತ್ತಾರೆ. ಫೋನಿನಲ್ಲಿ ಕೇಳಿದರೆ ಸಾಮಾನ್ಯವಾಗಿ 'ನೋಡೋಣ' ಎಂಬ ಉತ್ತರ ಬರುತ್ತದೆ. ಮನೆಯವರೇ ಹೋಗಿ ಕೂತು ಮಾತಾಡಬೇಕು. ಇದಕ್ಕೆ ಆರು ವಾರ ಬಿಡಿ. ಈ ನೋಟ್‌ಬುಕ್ಕಿನ ನಕಲು ನಾಟಕ ತಂಡದ ಬಳಿ ಇರಬಾರದು, ಅದು ಮನೆಯಲ್ಲೇ ಇರಬೇಕು.

ಎರಡನೆಯ ಅಂಕಣ ತುಂಬುವಾಗ 1898ರ ಮಾತು ಬಂದೇ ಬರುತ್ತದೆ. ಆ ವರ್ಷ ಕೇಂಬ್ರಿಜ್‌ನಿಂದ ಮಾನವಶಾಸ್ತ್ರಜ್ಞ ಹ್ಯಾಡನ್ ನೇತೃತ್ವದ ತಂಡ ಇಲ್ಲಿಗೆ ಬಂದು ಹಾಡುಗಳನ್ನು ಆ ಕಾಲದ ಧ್ವನಿಮುದ್ರಣದ ಮೇಣದ ಉರುಳೆಗಳಿಗೆ ಇಳಿಸಿಕೊಂಡಿತು, ಮೇರ್ ದ್ವೀಪದ ಕುಣಿತವನ್ನು ಚಲನಚಿತ್ರ ಮಾಡಿತು. ಅದೇ ತಂಡದ ರಿವರ್ಸ್ ಮಬುಯಾಗ್ ಮತ್ತು ಮೇರ್ ದ್ವೀಪಗಳ ವಂಶಾವಳಿಗಳನ್ನು ಬರೆದುಕೊಂಡರು. ಕಥೆ ಯಾರಿಂದ ಯಾರಿಗೆ ಇಳಿದು ಬಂತು ಎಂದು ಹುಡುಕುವಾಗ ಆ ವಂಶಾವಳಿ ನೆರವಾಗುತ್ತದೆ. ಅದಕ್ಕೂ ಮನೆಯವರ ನೆನಪಿಗೂ ತಾಳೆಯಾಗದ ಕಡೆ ಮನೆಯವರ ಮಾತನ್ನೇ ಬರೆದುಕೊಳ್ಳುತ್ತೇವೆ. ಆ ಕಾಲದ ಫೋಟೋಗಳನ್ನು ಹಿಂಪರದೆಗೆ ಹಾಕೋಣವೆಂಬ ಸಲಹೆ ಪ್ರತಿ ಸಲವೂ ಯಾರಿಂದಲಾದರೂ ಬರುತ್ತದೆ. ನಾನು ಒಪ್ಪುವುದಿಲ್ಲ. ನೂರಿಪ್ಪತ್ತು ವರ್ಷ ಹಳೆಯ ಕಪ್ಪುಬಿಳುಪು ಚಿತ್ರದ ಮುಂದೆ ನಿಂತ ಮೊಮ್ಮಗಳು ವಸ್ತುಸಂಗ್ರಹಾಲಯದ ಲೇಬಲ್ ಓದುವವಳಂತೆ ಕಾಣುತ್ತಾಳೆ.

ಧ್ವನಿಮುದ್ರಣಕ್ಕೆ 48 ಕಿಲೋಹರ್ಟ್ಸ್, 24 ಬಿಟ್ ಸಾಕು. ರೆಕಾರ್ಡರು ಬಾಯಿಂದ 30ರಿಂದ 40 ಸೆಂಟಿಮೀಟರ್ ದೂರದಲ್ಲಿರಲಿ. ವರ್ಷದ ಬಹುಪಾಲು ಬೀಸುವ ಆಗ್ನೇಯ ಗಾಳಿಗೆ ಅಲ್ಲಿ ಸಾಗರ್ ಎನ್ನುತ್ತಾರೆ. ಆ ಗಾಳಿಗೆ ಮೈಕಿನ ಸ್ಪಂಜಿನ ಟೊಪ್ಪಿ ಏನೇನೂ ಸಾಲದು, ತುಪ್ಪಳದ ಹೊದಿಕೆಯೇ ಬೇಕು. ಇವೆಲ್ಲಕ್ಕಿಂತ ಮುಖ್ಯ, ಎದುರಿಗೆ ಒಂದು ಮಗು ಕೂತಿರಬೇಕು. ಯಂತ್ರಕ್ಕೆ ಹೇಳುವ ಹಿರಿಯರು ಕಥೆಯ ಸಾರಾಂಶ ಹೇಳಿ ಮುಗಿಸುತ್ತಾರೆ. ಮಗುವಿಗೆ ಹೇಳುವವರು ದನಿ ಬದಲಿಸುತ್ತಾರೆ, ಪ್ರಶ್ನೆ ಕೇಳುತ್ತಾರೆ, ತಪ್ಪು ಉತ್ತರ ಬಂದರೆ ತಿದ್ದುತ್ತಾರೆ. ರಂಗಕ್ಕೆ ಬೇಕಾದದ್ದು ಆ ತಿದ್ದುವಿಕೆಯೇ.

ಅದಕ್ಕೇ ನಾವು ಕಥೆಯನ್ನು ಬರೆದು ಬಾಯಿಪಾಠ ಮಾಡಿಸುವುದಿಲ್ಲ, ಗೂಟ ಹೊಡೆಯುತ್ತೇವೆ. ಗೂಟ ಎಂದರೆ ಹೇಳುವವರು ತಪ್ಪದೆ ಮುಟ್ಟಬೇಕಾದ ಕಥೆಯ ಘಟ್ಟ. ತಾಳಮದ್ದಳೆ ಕೇಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಲ್ಲಿ ಭಾಗವತರ ಪದ ನಿಶ್ಚಿತ, ಪದ ಮುಗಿದ ಮೇಲೆ ಅರ್ಥಧಾರಿಯ ಮಾತು ಅವನ ಕೈಯಲ್ಲಿ. ಹಾಗೆಯೇ ಒಂದು ಕಥೆಗೆ ಏಳರಿಂದ ಒಂಬತ್ತು ಗೂಟ. ಗೂಟದಿಂದ ಗೂಟಕ್ಕೆ ಹೋಗುವ ದಾರಿ ಹೇಳುವವರದು. ಬೆಳಕು, ಧ್ವನಿ, ಪರದೆಯ ಮೇಲೆ ಮೂಡುವ ಅನುವಾದದ ಪಟ್ಟಿ ಎಲ್ಲವೂ ಗೂಟಕ್ಕೆ ಕಟ್ಟಿರುತ್ತವೆ, ವಾಕ್ಯಕ್ಕೆ ಅಲ್ಲ.

ಟಗಾಯ್ ಕಥೆಯ ಪ್ರಸಿದ್ಧ ರೂಪಕ್ಕೆ ನಮ್ಮ ಗೂಟಗಳು ಇವು. ಟಗಾಯ್ ಹನ್ನೆರಡು ಮಂದಿಯೊಡನೆ ದೋಣಿಯಲ್ಲಿ ಮೀನಿಗೆ ಹೊರಡುತ್ತಾನೆ. ಮೀನು ಸಿಗದೆ ಹವಳದ ದಿಬ್ಬಕ್ಕಿಳಿದು ಹುಡುಕುತ್ತಾ ದೂರ ಹೋಗುತ್ತಾನೆ. ಬಿಸಿಲೇರಿ ದೋಣಿಯವರು ಅವನ ಪಾಲಿನ ನೀರನ್ನೆಲ್ಲ ಕುಡಿದುಬಿಡುತ್ತಾರೆ. ಅವನು ಮರಳಿ ಬಂದು ಬರಿದಾದ ತೆಂಗಿನ ಕರಟಗಳನ್ನು ನೋಡುತ್ತಾನೆ. ಆರಾರು ಮಂದಿಯ ಎರಡು ಸಾಲು ಕಟ್ಟಿ ಎಸೆಯುತ್ತಾನೆ. ಒಂದು ಸಾಲು ಉಸಿಯಮ್, ಇನ್ನೊಂದು ಸೆಗ್. ತನ್ನ ಎದುರಿಗೆ ಬರಬಾರದೆಂದು ಅವರಿಗೆ ಕಟ್ಟಪ್ಪಣೆ ಮಾಡುತ್ತಾನೆ. ಕೊನೆಯ ಗೂಟ ಆಕಾಶದ ಪಾಠ: ಅವರೆಲ್ಲ ಈಗ ನಕ್ಷತ್ರಗಳು, ದೋಣಿಯಲ್ಲಿ ನಿಂತ ಟಗಾಯ್‌ನ ಎಡಗೈ ಕಡಲಿನತ್ತ ಬಾಗಿದರೆ ವಾಯವ್ಯದ ಕುಕಿ ಗಾಳಿಯೂ ಮಳೆಯೂ ಬರಲಿವೆ, ತೋಟದ ಕೆಲಸಕ್ಕೆ ಹೊತ್ತಾಯಿತು.

ಆ ಎಡಗೈ ನಾವು ತ್ರಿಶಂಕು ಎನ್ನುವ ನಕ್ಷತ್ರಪುಂಜ. ಉಸಿಯಮ್ ನಮ್ಮ ಕೃತ್ತಿಕೆ, ಅಲ್ಲೂ ಆರೇ ಮಂದಿ. ಸೆಗ್ ಇರುವುದು ಮಹಾವ್ಯಾಧದಲ್ಲಿ. ದೋಣಿ ಎಂದರೆ ವೃಶ್ಚಿಕ. ಟಗಾಯ್‌ನ ಬಲಗೈ ಇರುವ ತಾರೆಗಳಿಗೆ ನಮ್ಮ ಹೆಸರು ಹಸ್ತಾ! ಸಾವಿರಾರು ಮೈಲಿ ದೂರದ ಎರಡು ಜನ ಒಂದೇ ನಾಲ್ಕೈದು ಚುಕ್ಕಿಗಳಲ್ಲಿ ಕೈಯನ್ನು ಕಂಡಿದ್ದಾರೆ. ಮೃಗಶಿರ, ಆರಿದ್ರೆ ಎಂದು ಮಳೆಗೆ ನಕ್ಷತ್ರದ ಹೆಸರಿಟ್ಟು ಬಿತ್ತನೆ ಮಾಡಿದವರಿಗೆ ಕೊನೆಯ ಗೂಟ ಕಥೆಯ ಅಲಂಕಾರವಾಗಿ ಕೇಳಿಸುವುದಿಲ್ಲ, ಪಂಚಾಂಗವಾಗಿ ಕೇಳಿಸುತ್ತದೆ. ದ್ವೀಪದವರಿಗೂ ಅಷ್ಟೇ. ಹೊರಗಿನ ನಿರ್ದೇಶಕರು ಮೊದಲು ಕತ್ತರಿಸಲು ನೋಡುವುದು ಇದನ್ನೇ. ಎಸೆಯುವ ದೃಶ್ಯಕ್ಕೆ ಚಪ್ಪಾಳೆ ಬಿದ್ದ ಮೇಲೆ ತೋಟದ ಮಾತು ಯಾಕೆ ಎಂದು ಕೇಳುತ್ತಾರೆ. ತೋಟದ ಮಾತಿಗಾಗಿಯೇ ಕಥೆ ಇರುವುದು.

ಅಂಗಳದಲ್ಲಿ ನಲವತ್ತು ನಿಮಿಷ ನಡೆಯುವ ಕಥೆಯನ್ನು ರಂಗದಲ್ಲಿ ಹತ್ತು ನಿಮಿಷಕ್ಕೆ ಇಳಿಸಬೇಕಾಗುತ್ತದೆ. ವರ್ಣನೆ ಇಳಿಸಬಹುದು, ಪುನರುಕ್ತಿ ಅರ್ಧ ಮಾಡಬಹುದು. ಸ್ಥಳನಾಮ ಮಾತ್ರ ಒಂದೂ ಬಿಡಬಾರದು. ಯಾವ ದಿಬ್ಬ, ಯಾವ ಕೊಲ್ಲಿ, ಯಾವ ಬಂಡೆ ಎಂಬ ಪಟ್ಟಿ ಹೊರಗಿನವರಿಗೆ ಬೇಸರ ತರಿಸಬಹುದು. ಆದರೆ ಆ ಪಟ್ಟಿಯೇ ಮನೆತನದ ಪಹಣಿ. ಮೇರ್ ದ್ವೀಪದ ಎಡ್ಡಿ ಕೊಯಿಕಿ ಮಾಬೊ ಮತ್ತು ಸಂಗಡಿಗರು ನೆಲದ ಹಕ್ಕಿಗಾಗಿ ಹೂಡಿದ ದಾವೆಯಲ್ಲಿ ತಂದೆ ತಾತಂದಿರಿಂದ ಕೇಳಿ ಬಂದ ಗಡಿ, ತೋಟ, ಮಾಲೋ ದೇವರ ಕಟ್ಟಳೆಗಳ ಮಾತು ಸಾಕ್ಷ್ಯವಾಗಿ ನ್ಯಾಯಾಲಯಕ್ಕೆ ಹೋಯಿತು. 1992ರ ಜೂನ್ 3ರಂದು ಆಸ್ಟ್ರೇಲಿಯಾದ ಹೈಕೋರ್ಟು ಆ ನೆಲ ಅವರದೆಂದು ಒಪ್ಪಿತು. ಹೀಗಿರುವಾಗ ಒಂದು ಊರಿನ ಹೆಸರನ್ನು ಲಯಕ್ಕಾಗಿ ಬಿಟ್ಟುಬಿಡುವುದು ಸಣ್ಣ ತಪ್ಪಲ್ಲ.

ಇನ್ನು ತಿದ್ದುವ ಕುರ್ಚಿ. ಪ್ರೇಕ್ಷಕರ ಎಡಕ್ಕೆ, ರಂಗದ ಮುಂಬದಿಯಲ್ಲಿ ಅಜ್ಜಿಗೊಂದು ಕುರ್ಚಿ ಹಾಕುತ್ತೇವೆ. (ಅಲ್ಲಿ ಅಜ್ಜಿಗೆ 'ಅಕ', ಅಜ್ಜನಿಗೆ 'ಅತೆ'. ಕನ್ನಡದ ಕಿವಿಗೆ ಅಕ್ಕ, ಅತ್ತೆ ಎಂದೇ ಕೇಳಿಸಿ ಮೊದಲ ದಿನಗಳಲ್ಲಿ ಗೊಂದಲವಾಗುತ್ತದೆ.) ಕುರ್ಚಿ ಹಿಂದೆ ಹೋದರೆ ಅಜ್ಜಿ ಅಲಂಕಾರದ ಬೊಂಬೆಯಾಗುತ್ತಾರೆ. ಅವರ ಮೇಲೆ ಇಡೀ ಪ್ರಯೋಗದುದ್ದಕ್ಕೂ ಶೇಕಡಾ 30ರ ಬೆಳಕು ಇರಲಿ, ಮೈಕು ಅರ್ಧ ಮಟ್ಟದಲ್ಲಿ ಸದಾ ತೆರೆದಿರಲಿ. ಮೊಮ್ಮಗ ಮಾತು ತಪ್ಪಿದರೆ ಅಜ್ಜಿ ಕೂತಲ್ಲಿಂದಲೇ ತಿದ್ದುತ್ತಾರೆ, ಅವನು ನಿಂತು ಇನ್ನೊಮ್ಮೆ ಹೇಳುತ್ತಾನೆ. ಇದನ್ನು ತಾಲೀಮು ಮಾಡಿಸಬಾರದು. ತಿದ್ದುವಂತೆ ನಟಿಸಲು ಹೇಳಿದರೆ ಎರಡನೆಯ ರಾತ್ರಿಗೇ ಅದು ಸತ್ತುಹೋಗುತ್ತದೆ. ನಿಜವಾದ ತಪ್ಪು ದಿನಕ್ಕೆ ಎರಡಾದರೂ ಆಗುತ್ತವೆ, ಏಕೆಂದರೆ ಪಶ್ಚಿಮ ದ್ವೀಪಗಳ ಕಲಾ ಲಗಾವ್ ಯಾ ನುಡಿಯನ್ನು ಮಕ್ಕಳು ಇನ್ನೂ ಕಲಿಯುತ್ತಿರುತ್ತಾರೆ. ಮನೆಯಲ್ಲಿ ಅವರ ಬಾಯಲ್ಲಿರುವುದು ಯುಂಪ್ಲಟೋಕ್, ಜಲಸಂಧಿಯ ಕ್ರಿಯೋಲ್, ಅಂದರೆ ಹಲವು ನುಡಿ ಬೆರೆತು ಹುಟ್ಟಿದ ಭಾಷೆ. ರಂಗದ ಮೇಲೆ ಅವರು ನಿಜಕ್ಕೂ ಕಲಿಯುತ್ತಿದ್ದರೆ ಆ ರಾತ್ರಿಯ ಪ್ರಯೋಗ ಸಾರ್ಥಕ. ಕಲಿತಂತೆ ಕಾಣಿಸುವುದಷ್ಟೇ ಆದರೆ ಈ ಎಲ್ಲ ಖರ್ಚು ಯಾಕೆ?

ಅದೇ ಕಾರಣಕ್ಕೆ ಪ್ರತಿ ರಾತ್ರಿ ಮಗುವಿಗೆ ಒಂದು ಹೊಸ ದಾರದಾಟವನ್ನು ರಂಗದಲ್ಲೇ ಕಲಿಸುತ್ತೇವೆ. ಪಶ್ಚಿಮ ದ್ವೀಪಗಳಲ್ಲಿ ಇದಕ್ಕೆ ವಾಮೆ ಎಂದು ಹೆಸರು. ಬೆರಳುಗಳ ನಡುವೆ ದಾರದ ಕುಣಿಕೆಯಿಂದ ಏಡಿ, ದೋಣಿ, ಮುಳುಗುವ ಸೂರ್ಯ ಮೂಡಿಸುವ ಆಟ. ಮನೆಯಲ್ಲಿ ಸುಮಾರು ಎರಡು ಮೀಟರ್ ದಾರದ ಕುಣಿಕೆ ಸಾಕು. ರಂಗಕ್ಕೆ 5 ಮಿಲಿಮೀಟರ್ ದಪ್ಪದ ಬಿಳಿ ಹತ್ತಿ ಹಗ್ಗ, ಮೂರು ಮೀಟರ್ ಉದ್ದದ್ದು ಬೇಕು. ಹಗ್ಗ ದಪ್ಪವಾದಷ್ಟೂ ಗಂಟುಗಳು ಜಾಗ ತಿನ್ನುವುದರಿಂದ ಉದ್ದ ಹೆಚ್ಚಿಸದಿದ್ದರೆ ಆಕೃತಿ ಕೈಯೊಳಗೇ ಮುದುಡಿ ಹೋಗುತ್ತದೆ. ನೈಲಾನ್ ಜಾರುತ್ತದೆ, ಬೇಡ. ತುದಿಗಳನ್ನು ಗಂಟು ಹಾಕದೆ ಒಂದರ ಮೇಲೊಂದು ಇಟ್ಟು ಹೊಲಿಯಿರಿ. ಗಂಟಿದ್ದರೆ ಅದು ಸಿಕ್ಕಿಕೊಳ್ಳುವುದು ಸೂರ್ಯ ಇಳಿಯುವ ಹೊತ್ತಿಗೆ ಸರಿಯಾಗಿ. ಮಗುವಿಗೆ ಒಂದೂವರೆ ನಿಮಿಷ ಕೊಡುತ್ತೇವೆ. ಬರದಿದ್ದರೆ ಕಥೆ ಕಾಯುತ್ತದೆ, ಮದ್ದಳೆಗಾರ ನಿಧಾನದ ಪೆಟ್ಟು ಹಿಡಿದಿರುತ್ತಾನೆ. ಒಟ್ಟು ಅವಧಿಯಲ್ಲಿ ನಾಲ್ಕು ನಿಮಿಷ ಸಡಿಲು ಇಟ್ಟುಕೊಂಡರೆ ಯಾರಿಗೂ ಗಾಬರಿಯಿಲ್ಲ.

ಮದ್ದಳೆ ಎಂದೆ, ಅದು ವರುಪ್. ನಡು ಸಣ್ಣದಾದ ಮರದ ವಾದ್ಯ. ಒಂದು ತುದಿ ಮೀನಿನ ಬಾಯಂತೆ ತೆರೆದಿರುತ್ತದೆ, ಇನ್ನೊಂದಕ್ಕೆ ಉಡದ ಜಾತಿಯ ಹಲ್ಲಿಯ ಚರ್ಮ. ಶ್ರುತಿಗೆ ಚರ್ಮದ ಮೇಲೆ ಜೇನುಮೇಣದ ಸಣ್ಣ ಉಂಡೆ ಅಂಟಿಸುತ್ತಾರೆ. ಮೇಣ ಹೆಚ್ಚಿದಷ್ಟೂ ನಾದ ಇಳಿಯುತ್ತದೆ. ಹವಾನಿಯಂತ್ರಿತ ರಂಗಮಂದಿರದ ಒಣಗಾಳಿಗೆ ಚರ್ಮ ಬಿಗಿದು ನಾದ ಏರುತ್ತದೆ, ಕೇರ್ನ್ಸ್‌ನ ಮಳೆಗಾಲದ ಸಂಜೆ ಬಾಗಿಲು ತೆರೆದಿಟ್ಟರೆ ಸಡಿಲವಾಗಿ ಗುಮ್ಮೆನ್ನುತ್ತದೆ. ಆದ್ದರಿಂದ ವಾದ್ಯ ಎರಡು ಗಂಟೆ ಮೊದಲೇ ರಂಗದ ಮೇಲೆ ಇರಬೇಕು. ಶ್ರುತಿ ಮಾಡುವುದು ಪ್ರೇಕ್ಷಕರು ಬರುವ ಅರ್ಧ ಗಂಟೆ ಮೊದಲು, ದೀಪಗಳನ್ನು ಹಚ್ಚಿಟ್ಟೇ. ದೀಪದ ಕಾವಿಗೂ ಚರ್ಮ ಬದಲಾಗುತ್ತದೆ. ಒಣಬೀಜದ ಚಿಪ್ಪುಗಳ ಗೊಂಚಲು ಕುಲಪ್‌ನ ಸದ್ದು ಮೈಕಿಗೆ ಇಟ್ಟಿಗೆ ಎಸೆದಂತೆ ಬಡಿಯುತ್ತದೆ. ಅದಕ್ಕೆ ಪ್ರತ್ಯೇಕ ಮೈಕು ಬೇಡವೇ ಬೇಡ.

ಕಥೆ ಹೇಳುವವರ ಮೈಕು ನಿಜವಾದ ತಲೆನೋವು. ಹಣೆಗೆ ಅಂಟಿಸುವ ಮೈಕಿನ ಜಾಗದಲ್ಲೇ ಧರಿ ಕೂರುತ್ತದೆ. ಧರಿ ಎಂದರೆ ಬಿಳಿಗರಿಗಳ ಶಿರೋಭೂಷಣ, 1992ರ ಟೊರೆಸ್ ಜಲಸಂಧಿ ಬಾವುಟದ ನಡುವೆ ಇರುವುದೂ ಅದೇ. ಎದೆಗೆ ಸಿಕ್ಕಿಸಿದರೆ ಚಿಪ್ಪಿನ ಹಾರ ತಾಗಿ ಕಟಕಟ ಎನ್ನುತ್ತದೆ. ಕೊನೆಗೆ ನಮಗೆ ಒಗ್ಗಿದ್ದು ಕೆನ್ನೆಯ ಮೇಲಿನ ಸಣ್ಣ ಕಡ್ಡಿ ಮೈಕು. ಅದರ ತಂತಿಯನ್ನು ಕಿವಿಯ ಹಿಂದೆ ಕೆಳಕ್ಕೆ ಇಳಿಸಿ, ಧರಿಯ ಪಟ್ಟಿಗೆ ಸೋಕದಂತೆ ಕುತ್ತಿಗೆಗೆ ಎರಡು ಕಡೆ ಅಂಟಿಸುತ್ತೇವೆ. ಕುಣಿತ ಬರಿಗಾಲಿನದು, ನೆಲಕ್ಕೆ ಬಲವಾಗಿ ತುಳಿಯುವಂಥದ್ದು. ಕಾಂಕ್ರೀಟಿನ ಮೇಲೆ ಮೂರು ದಿನಕ್ಕೆ ಮೊಣಕಾಲಿನ ಕೆಳಗೆ ನೋವು ಶುರುವಾಗುತ್ತದೆ. 12 ಮಿಲಿಮೀಟರ್ ರಬ್ಬರ್ ತುಂಡುಗಳ ಮೇಲೆ 18 ಮಿಲಿಮೀಟರ್ ಪ್ಲೈವುಡ್ ಹಾಸಿ. 6 ಮೀಟರ್ ಉದ್ದ, 4.8 ಮೀಟರ್ ಅಗಲಕ್ಕೆ 2.4 ಗುಣಿಸು 1.2ರ ಹತ್ತು ಹಾಳೆ ಬೇಕು. ಮೇಲೆ ಕಾರ್ಪೆಟ್ ಹಾಕಿದರೆ ತುಳಿತದ ಸದ್ದೇ ಸಾಯುತ್ತದೆ.

ಆಕಾಶವನ್ನೂ ದೋಣಿಯನ್ನೂ ನೆರಳಿನಲ್ಲಿ ತೋರಿಸುತ್ತೇವೆ. ತೊಗಲುಗೊಂಬೆಯಾಟದ ಪರದೆ ಕಂಡವರಿಗೆ ಒಂದು ವ್ಯತ್ಯಾಸ ಹೇಳಬೇಕು. ನಮ್ಮ ತೊಗಲುಗೊಂಬೆಯ ಮೂಲಕ ಬೆಳಕು ಹಾದು ಬಣ್ಣ ಕಾಣುತ್ತದೆ, ಇಲ್ಲಿನ ಬಹುಪಾಲು ಆಕೃತಿಗಳು ಕಪ್ಪು ರಟ್ಟಿನವು. ಮುಖವಾಡಗಳು ಮಾತ್ರ ಬೇರೆ. ಹಿಂದೆ ಈ ದ್ವೀಪಗಳಲ್ಲಿ ಅವನ್ನು ಆಮೆಯ ಚಿಪ್ಪಿನಿಂದ ಮಾಡುತ್ತಿದ್ದರು, ಈಗ ಕಂದು ಜೇನುಬಣ್ಣದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಎರಡು ಪದರ ಅದೇ ಹೊಳಪು ಕೊಡುತ್ತದೆ. ಪರದೆ 3 ಗುಣಿಸು 2 ಮೀಟರಿನ ಬಿಳಿ ಹತ್ತಿ ಬಟ್ಟೆ, ನಡುವೆ ಹೊಲಿಗೆ ಇರಬಾರದು. ಚೌಕಟ್ಟಿಗೆ ಎಳೆದು ಕಟ್ಟಿ ನೀರು ಚಿಮುಕಿಸಿ, ಒಣಗುವಾಗ ತಾನೇ ಬಿಗಿಯಾಗುತ್ತದೆ. ದೀಪ ಒಂದೇ ಚುಕ್ಕಿಯಿಂದ ಹೊರಡುವಂಥದ್ದಿರಬೇಕು: 12 ವೋಲ್ಟಿನ 50 ವಾಟ್ ಹ್ಯಾಲೊಜನ್ ಬಲ್ಬು, ಹಿಂದೆ ಕನ್ನಡಿ ಇಲ್ಲದ್ದು, ಪರದೆಯಿಂದ ಎರಡೂವರೆ ಮೀಟರ್ ಹಿಂದೆ. ಹಲವು ಎಲ್‌ಇಡಿಗಳ ಫಲಕ ಬಳಸಿದರೆ ಪ್ರತಿ ಬೆರಳಿಗೂ ಹತ್ತು ಅಂಚು ಕಾಣುತ್ತವೆ.

ಹವಳದ ದಿಬ್ಬಗಳ ನಕ್ಷೆಯನ್ನು ಹೇಳುವವರು ಮರಳಿನಲ್ಲಿ ಬೆರಳಿನಿಂದ ಬರೆಯುತ್ತಾರೆ, ಮೇಲಿನ ಕ್ಯಾಮೆರಾ ಅದನ್ನು ಪರದೆಗೆ ಕಳಿಸುತ್ತದೆ. ತಟ್ಟೆ 60 ಗುಣಿಸು 90 ಸೆಂಟಿಮೀಟರ್, ಮರಳು 2 ಸೆಂಟಿಮೀಟರ್ ಆಳ, ಅಂದರೆ ಸುಮಾರು 17 ಕಿಲೋ. ಬೆಳಕು ಪಕ್ಕದಿಂದ, ತೀರ ತಗ್ಗಿನಿಂದ ಬರಬೇಕು, ಮೇಲಿನಿಂದ ಬಂದರೆ ಗೆರೆ ಕಾಣುವುದಿಲ್ಲ. ಕ್ಯಾಮೆರಾದ ಫೋಕಸ್ಸು, ಬೆಳಕಿನ ಅಳತೆ, ಬಣ್ಣ ಮೂರನ್ನೂ ಬೀಗ ಹಾಕಿದಂತೆ ನಿಲ್ಲಿಸಿ. ಸ್ವಯಂಚಾಲಿತವಾಗಿ ಬಿಟ್ಟರೆ ಕಪ್ಪು ಕೈ ಚೌಕಟ್ಟಿಗೆ ಬಂದಾಗಲೆಲ್ಲ ಇಡೀ ಚಿತ್ರ ಬೆಳ್ಳಗಾಗುತ್ತದೆ. ನಿಸ್ತಂತು ಸಂಪರ್ಕ ಬೇಡ. ಚಿತ್ರ ಸೆಕೆಂಡಿನ ಹತ್ತನೇ ಒಂದು ಭಾಗ ತಡವಾದರೂ ಕೈಗೂ ಪರದೆಗೂ ಬಿರುಕು ಕಾಣುತ್ತದೆ. ಮರಳನ್ನು ದ್ವೀಪದಿಂದಲೇ ತರುವ ಆಸೆ ಎಲ್ಲರಿಗೂ ಇರುತ್ತದೆ. ಆದರೆ ಕೀಟ, ರೋಗ ಹರಡದಂತೆ ಟೊರೆಸ್ ಜಲಸಂಧಿಯಿಂದ ಮುಖ್ಯಭೂಮಿಗೆ ಮಣ್ಣು, ಸಸ್ಯ, ಪ್ರಾಣಿಜನ್ಯ ವಸ್ತು ಸಾಗಿಸಲು ಜೈವಿಕ ಸುರಕ್ಷತೆಯ ಕಟ್ಟುನಿಟ್ಟಿನ ನಿಯಮಗಳಿವೆ. ಮರಳನ್ನು ಕೇರ್ನ್ಸ್‌ನಲ್ಲೇ ಕೊಂಡು ತೊಳೆದು ಒಣಗಿಸಿ. ತೆಂಗಿನ ಗರಿಯ ಉಡುಗೆ, ಗರಿಯ ಧರಿ, ವರುಪ್ ಇವುಗಳ ಪಟ್ಟಿಯನ್ನು ಫೋಟೋ ಸಮೇತ ಮಾಡಿ, ಹೊರಡುವ ಎಷ್ಟೋ ದಿನ ಮೊದಲೇ ಅಧಿಕಾರಿಗಳಿಗೆ ತೋರಿಸಿ. ವಿಮಾನ ಹತ್ತುವ ಬೆಳಗ್ಗೆ ತೋರಿಸಿದರೆ ವಾದ್ಯ ಹಿಂದೆ ಉಳಿಯುತ್ತದೆ.

ಅನುವಾದದ ಪಟ್ಟಿಯಲ್ಲಿ ಒಮ್ಮೆಗೆ ಎರಡು ಸಾಲು ಸಾಕು. ಹಾಡನ್ನು ಅನುವಾದಿಸುವುದಿಲ್ಲ, ಅಜ್ಜಿ ತಿದ್ದುವುದನ್ನೂ ಅನುವಾದಿಸುವುದಿಲ್ಲ; ಅರ್ಥವಾಗದಿದ್ದರೂ ಅದು ಗೊತ್ತಾಗುತ್ತದೆ. ಪ್ರತಿ ಗೂಟದ ಬಳಿಯೂ ಒಂದು ಖಾಲಿ ಪಟ್ಟಿ ಇಡಿ. ಹೇಳುವವರು ಗೂಟ ಹಾರಿಸುವ ರಾತ್ರಿ ಬಂದೇ ಬರುತ್ತದೆ. ಪಶ್ಚಿಮ ದ್ವೀಪಗಳ ಹಳೆಯ ರೂಢಿಯಂತೆ ಬೀಗರ ಕಡೆಯವರ ಹೆಸರನ್ನು ಬಾಯಲ್ಲಿ ಹೇಳಬಾರದು. ಗಂಡನ ಹೆಸರು ಹೇಳದ ನಮ್ಮ ಅಜ್ಜಿಯರನ್ನು ಕಂಡವರಿಗೆ ಇದು ಹೊಸದಲ್ಲ. ಪ್ರೇಕ್ಷಕರಲ್ಲಿ ಅಂಥವರು ಕೂತಿದ್ದರೆ ಹೇಳುವವರು ಹೆಸರು ಬಿಟ್ಟು ನಂಟಿನ ಪದ ಹಿಡಿಯುತ್ತಾರೆ. ಆಗ ಪಟ್ಟಿಯಲ್ಲಿ ಹೆಸರು ಮೂಡಿದರೆ ಅವರ ಮರ್ಯಾದೆಯನ್ನು ನಾವೇ ತೆಗೆದಂತೆ.

ಸಾವಿನ ವಿಚಾರಕ್ಕೆ ತಯಾರಿ ಮೊದಲೇ ಇರಲಿ. ತೀರಿಕೊಂಡವರ ಹೆಸರು, ದನಿ, ಮುಖ ಬಳಸಬಹುದೇ, ಯಾವಾಗ ಎಂಬುದನ್ನು ಹೇಳುವುದು ಮನೆಯವರು. ಕೆಲವೊಮ್ಮೆ ಸಮಾಧಿಕಲ್ಲಿನ ಮುಸುಕು ತೆರೆಯುವ ವಿಧಿ ಆಗುವವರೆಗೆ ಕಾಯಬೇಕು, ಅದು ಸಾವಿನ ಒಂದು ವರ್ಷದ ನಂತರವೋ ಇನ್ನೂ ತಡವಾಗಿಯೋ ಆಗಬಹುದು. ಅದಕ್ಕಾಗಿ ಪ್ರತಿ ಧ್ವನಿತುಣುಕು, ಚಿತ್ರತುಣುಕಿಗೂ ಅದರಲ್ಲಿ ಯಾರಿದ್ದಾರೆ ಎಂಬ ಗುರುತು ಹಾಕಿ, ಒಬ್ಬರನ್ನು ಒಂದೇ ಕೀಲಿಯಿಂದ ತೆಗೆಯುವಂತೆ ಜೋಡಿಸಿದ್ದೇವೆ. ಇಡೀ ತಂಡ ದ್ವೀಪಕ್ಕೆ ಹೊರಡಬೇಕಾದೀತು. ರಂಗಮಂದಿರದ ಒಪ್ಪಂದದಲ್ಲಿ ಈ ಕಾರಣಕ್ಕೆ ಪ್ರಯೋಗ ನಿಂತರೆ ದಂಡವಿಲ್ಲ ಎಂಬ ಸಾಲು ಬರೆಸದೆ ಸಹಿ ಹಾಕಬೇಡಿ. ಭಾನುವಾರ ತಾಲೀಮಿಲ್ಲ, ಚರ್ಚಿನ ದಿನ. ಕ್ರೈಸ್ತ ಮಿಷನರಿಗಳು 1871ರ ಜುಲೈ 1ರಂದು ಎರುಬ್ ದ್ವೀಪಕ್ಕೆ ಬಂದಿಳಿದ ದಿನವನ್ನು ದ್ವೀಪದವರು ಇಂದಿಗೂ ಹಬ್ಬವಾಗಿ ಆಚರಿಸುತ್ತಾರೆ. ಹಳೆಯ ದೈವಕ್ಕೂ ಚರ್ಚಿಗೂ ಜಗಳ ಹಚ್ಚಿದರೆ ನಾಟಕ ಬಿಸಿಯೇರುತ್ತದೆ ಎಂದುಕೊಳ್ಳುವವರಿದ್ದಾರೆ. ಆದರೆ ಈ ಮನೆಯಲ್ಲಿ ಟಗಾಯ್ ಕಥೆ ಹೇಳುವ ಅಜ್ಜಿಯೇ ಸ್ತೋತ್ರಗೀತೆಗೂ ಮೊದಲ ದನಿ. ಎರಡನ್ನೂ ಅವರು ಕೂತ ಕುರ್ಚಿಯಿಂದಲೇ ಕೇಳಿಸಿದೆವು.

ಪಟ್ಟಣದ ಪ್ರಯೋಗಗಳು ಮುಗಿದ ಮೇಲೆ ಅದನ್ನೇ ದ್ವೀಪದ ಸಮುದಾಯ ಭವನಕ್ಕೆ ಒಯ್ಯಬೇಕು. ಅಲ್ಲಿಗೆ ಪ್ರೊಜೆಕ್ಟರ್, ಅನುವಾದದ ಪಟ್ಟಿ, ಮೈಕು, ಪ್ಲೈವುಡ್ ಯಾವುದೂ ಹೋಗುವುದಿಲ್ಲ. ವರುಪ್, ಕುಲಪ್, ಹತ್ತಿ ಹಗ್ಗ, ಒಂದು ಕುರ್ಚಿ, ಚಾಪೆ, ಇಷ್ಟೇ. ಗೂಟಗಳ ಚೀಟಿ ಮಗುವಿನ ಕೈಯಲ್ಲಿರುತ್ತದೆ. ಪಟ್ಟಣದಲ್ಲಿ ಹತ್ತು ನಿಮಿಷವಾಗಿದ್ದ ಕಥೆ ಅಲ್ಲಿ ನಲವತ್ತಕ್ಕೆ ಮರಳುತ್ತದೆ. ತಿದ್ದುವವರೂ ಒಬ್ಬರೇ ಇರುವುದಿಲ್ಲ, ಹಿಂದಿನ ಸಾಲುಗಳಿಂದಲೂ ದನಿ ಏಳುತ್ತದೆ. ಗಡಿಯಾರ ನೋಡುವ ಕೆಲಸ ಆ ರಾತ್ರಿ ನನಗಿಲ್ಲ.